ಅಂಡಾಶಯದ ಗಡ್ಡೆಯಿಂದ ಮಿದುಳಿಗೆ ಉರಿಯೂತ: ಮನೆಯವರಿಗೆ ಹಂತ ಹಂತದ ಮಾರ್ಗದರ್ಶಿ

"ತಲೆಯ ಕಾಯಿಲೆಗೆ ಹೊಟ್ಟೆಯ ಸ್ಕ್ಯಾನ್ ಯಾಕೆ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹದಿನೈದು ದಿನದ ಹಿಂದೆ ಚೆನ್ನಾಗಿಯೇ ಇದ್ದ ಹುಡುಗಿ ಈಗ ನಿದ್ದೆ ಮಾಡುತ್ತಿಲ್ಲ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎನ್ನುತ್ತಾಳೆ, ಮಾತು ತಡವರಿಸುತ್ತಿದೆ, ನಿನ್ನೆ ಫಿಟ್ಸ್ ಕೂಡ ಬಂತು. ಇತ್ತ ವೈದ್ಯರು ಅಂಡಾಶಯದ ಎಂಆರ್‌ಐ ಬರೆದುಕೊಟ್ಟಿದ್ದಾರೆ. ಮನೆಯವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಆದರೆ ವೈದ್ಯರು ಸರಿಯಾದ ಜಾಗದಲ್ಲೇ ಹುಡುಕುತ್ತಿದ್ದಾರೆ.

ಅವರ ಅನುಮಾನ ಆಂಟಿ-ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್ ಎಂಬ ಕಾಯಿಲೆಯ ಮೇಲೆ. ಎನ್ಸೆಫಲೈಟಿಸ್ ಎಂದರೆ ಮಿದುಳಿನ ಉರಿಯೂತ. ಎನ್‌ಎಂಡಿಎ ರಿಸೆಪ್ಟರ್ ಎಂದರೆ ನರಕೋಶಗಳ ಮೇಲಿರುವ, ಪಕ್ಕದ ಕೋಶದ ಸಂದೇಶ ಹಿಡಿಯುವ ಒಂದು ಪ್ರೋಟೀನ್. ನೆನಪು, ಕಲಿಕೆ, ನಡವಳಿಕೆ ಎಲ್ಲಕ್ಕೂ ಇದು ಬೇಕು. ಅಂಡಾಶಯದ ಟೆರಟೋಮಾ ಎಂಬ ಗಡ್ಡೆಯೊಳಗೆ ಕೂದಲು, ಕೊಬ್ಬು, ಕೆಲವೊಮ್ಮೆ ಹಲ್ಲು ಕೂಡ ಬೆಳೆದಿರುತ್ತದೆ. ಕೆಲವು ಗಡ್ಡೆಗಳಲ್ಲಿ ನರಕೋಶಗಳೂ ಇರುತ್ತವೆ, ಅವುಗಳ ಮೇಲೂ ಇದೇ ರಿಸೆಪ್ಟರ್ ಇರುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆ ಇರಬಾರದ ಜಾಗದಲ್ಲಿರುವ ಈ ಕೋಶಗಳನ್ನು ಕಂಡು, ಅವುಗಳ ವಿರುದ್ಧ ಪ್ರತಿಕಾಯ (ಆಂಟಿಬಾಡಿ) ತಯಾರಿಸುತ್ತದೆ. ಅದೇ ಪ್ರತಿಕಾಯ ಮಿದುಳಿನ ರಿಸೆಪ್ಟರ್‌ಗಳಿಗೂ ಅಂಟಿಕೊಂಡು ಅವನ್ನು ಕೋಶದ ಮೇಲ್ಮೈಯಿಂದ ಒಳಕ್ಕೆ ಎಳೆದುಬಿಡುತ್ತದೆ. ಬಹುಪಾಲು ಕೋಶ ಸಾಯುವುದಿಲ್ಲ, ಕೆಲಸ ನಿಲ್ಲಿಸುತ್ತದೆ ಅಷ್ಟೇ. ಪ್ರತಿಕಾಯ ಕಡಿಮೆಯಾದರೆ ರಿಸೆಪ್ಟರ್‌ಗಳು ಮರಳಿ ಬರುತ್ತವೆ. ಐಸಿಯುನಲ್ಲಿ ತಿಂಗಳುಗಟ್ಟಲೆ ಮಲಗಿದವರೂ ಎದ್ದು ಓದಿಗೆ, ಕೆಲಸಕ್ಕೆ ಮರಳುವುದು ಇದರಿಂದಲೇ.

ಅಂಡಾಶಯದ ಟೆರಟೋಮಾ ಇದ್ದ ನಾಲ್ವರು ಯುವತಿಯರಲ್ಲಿ ಇಂಥ ಲಕ್ಷಣಗಳನ್ನು 2005ರಲ್ಲಿ ವರದಿ ಮಾಡಲಾಯಿತು. 2007ರಲ್ಲಿ ಜೋಸೆಪ್ ದಲ್ಮಾವು ಮತ್ತು ಸಂಗಡಿಗರು ಕಾರಣವಾದ ಪ್ರತಿಕಾಯವನ್ನು ಗುರುತಿಸಿದರು. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ 81% ಹೆಣ್ಣುಮಕ್ಕಳು, ಮಧ್ಯಾಂಕ ವಯಸ್ಸು 21. ಒಟ್ಟು 38% ಜನರಲ್ಲಿ ಗಡ್ಡೆ ಸಿಕ್ಕಿತ್ತು, ಆ ಗಡ್ಡೆಗಳಲ್ಲಿ 94% ಅಂಡಾಶಯದ ಟೆರಟೋಮಾ. ಅಂದರೆ ಗಡ್ಡೆಯಿಲ್ಲದೆಯೂ ಈ ಕಾಯಿಲೆ ಬರುತ್ತದೆ. ಹಾಗೆಯೇ ಟೆರಟೋಮಾ ಇರುವ ಬಹುತೇಕ ಮಹಿಳೆಯರಿಗೆ ಇದು ಬರುವುದೇ ಇಲ್ಲ. ಸ್ಕ್ಯಾನ್‌ನಲ್ಲಿ ಡರ್ಮಾಯ್ಡ್ ಸಿಸ್ಟ್ (ಪಕ್ವ ಟೆರಟೋಮಾಕ್ಕೆ ರೂಢಿಯ ಹೆಸರು) ಕಂಡಿದೆ ಎಂದ ಮಾತ್ರಕ್ಕೆ, ಬೇರೆ ಲಕ್ಷಣಗಳಿಲ್ಲದಿದ್ದರೆ, ಮಿದುಳಿನ ಚಿಂತೆ ಬೇಡ.

1. ಲಕ್ಷಣಗಳನ್ನು ದಿನಾಂಕದೊಂದಿಗೆ ಬರೆದಿಡಿ

ಈ ಕಾಯಿಲೆಯಲ್ಲಿ ಒಂದೊಂದು ಲಕ್ಷಣಕ್ಕಿಂತ ಅವು ಬಂದ ಕ್ರಮವೇ ಹೆಚ್ಚು ಹೇಳುತ್ತದೆ. ಬಹಳ ಜನರಿಗೆ ಮೊದಲು ಜ್ವರ, ತಲೆನೋವು, ವಾಂತಿ, ಸುಸ್ತು ಇರುತ್ತದೆ. ವೈರಲ್ ಜ್ವರ ಅಂದುಕೊಂಡು ಮರೆತಿರುತ್ತೀರಿ, ಅದನ್ನೂ ಬರೆಯಿರಿ. ಸಾಮಾನ್ಯವಾಗಿ ಎರಡು ವಾರದೊಳಗೆ ನಿದ್ರಾಹೀನತೆ, ಭಯ, ಅನುಮಾನ, ಇಲ್ಲದ್ದು ಕಾಣುವುದು, ಕೇಳುವುದು ಶುರುವಾಗುತ್ತದೆ. ಆಮೇಲೆ ಹೊಸ ವಿಷಯ ನೆನಪಿನಲ್ಲಿ ನಿಲ್ಲುವುದಿಲ್ಲ, ಮಾತು ಕಡಿಮೆಯಾಗುತ್ತದೆ, ಹೇಳಿದ್ದನ್ನೇ ಗಿಳಿಪಾಠದಂತೆ ಹೇಳುತ್ತಾರೆ, ಕೊನೆಗೆ ಮಾತೇ ನಿಲ್ಲಬಹುದು. ಫಿಟ್ಸ್ ಯಾವ ಹಂತದಲ್ಲಾದರೂ ಬರಬಹುದು. ಚಿಕ್ಕ ಮಕ್ಕಳಲ್ಲಿ ಮೊದಲು ಕಾಣುವುದೇ ಫಿಟ್ಸ್, ಕೈಕಾಲುಗಳ ವಿಚಿತ್ರ ಚಲನೆ ಅಥವಾ ವಿಪರೀತ ಸಿಟ್ಟು.

ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ತುಟಿ ಚಪ್ಪರಿಸುವುದು, ನಾಲಿಗೆ ಹೊರಚಾಚುವುದು, ದವಡೆ ಆಡಿಸುವುದು, ಕೈಗಳನ್ನು ಪಿಯಾನೋ ನುಡಿಸುವಂತೆ ಆಡಿಸುವುದು, ಇಟ್ಟ ಭಂಗಿಯಲ್ಲೇ ಗಂಟೆಗಟ್ಟಲೆ ನಿಲ್ಲುವುದು (ಇದನ್ನು ಕ್ಯಾಟಟೋನಿಯಾ ಎನ್ನುತ್ತಾರೆ) ಇವೆಲ್ಲ ಬಾಯಿಮಾತಿನಲ್ಲಿ ಹೇಳಿದರೆ ವೈದ್ಯರಿಗೆ ಚಿತ್ರ ಸಿಗುವುದಿಲ್ಲ. ಮೂವತ್ತು ಸೆಕೆಂಡಿನ ವಿಡಿಯೋ ಸಾಕು. ಮುಖ ಮತ್ತು ಕೈಗಳು ಎರಡೂ ಕಾಣುವಂತಿರಲಿ.

ಹಿಂದಿನ ಎರಡು ಮೂರು ತಿಂಗಳಲ್ಲಿ ಹರ್ಪಿಸ್ ವೈರಸ್‌ನಿಂದ ಮಿದುಳಿನ ಸೋಂಕು ಆಗಿತ್ತೇ? ಆಗಿದ್ದರೆ ತಪ್ಪದೆ ಹೇಳಿ. ಆ ಸೋಂಕು ವಾಸಿಯಾದ ಕೆಲವು ವಾರಗಳ ಮೇಲೆ ಇದೇ ಪ್ರತಿಕಾಯಗಳು ಹುಟ್ಟಬಹುದು. "ಹಳೇ ಸೋಂಕು ಮರುಕಳಿಸಿದೆ" ಎಂದು ತಪ್ಪು ತಿಳಿಯುವ ಸಂದರ್ಭ ಇದು.

2. ಮಾನಸಿಕ ಕಾಯಿಲೆ ಎಂದು ಅಲ್ಲಿಗೇ ಬಿಡಬೇಡಿ

ಮೊದಲು ಮನೋವೈದ್ಯರ ಬಳಿ ಹೋಗುವುದು ತಪ್ಪಲ್ಲ, ಬಹುತೇಕ ವಯಸ್ಕ ರೋಗಿಗಳ ದಾರಿ ಅಲ್ಲಿಂದಲೇ ಶುರು. ಮೊದಲ ಬಾರಿಗೆ ದಿಢೀರನೆ ಮನೋವಿಕಾರ ಕಾಣಿಸಿಕೊಂಡು ಅದರ ಜೊತೆಗೆ ಈ ಕೆಳಗಿನ ಯಾವುದಾದರೂ ಒಂದಿದ್ದರೂ ಅದೇ ದಿನ ನರರೋಗ ತಜ್ಞರನ್ನೂ ಸೇರಿಸಿಕೊಳ್ಳಲು ಕೇಳಿ: ಫಿಟ್ಸ್, ಜ್ವರ, ಮಂಪರು, ಬಾಯಿ–ಮುಖದ ಅನೈಚ್ಛಿಕ ಚಲನೆ, ಮಾತು ನಿಲ್ಲುವುದು, ನಾಡಿ ಅಥವಾ ರಕ್ತದೊತ್ತಡದ ಏರುಪೇರು.

ಇಲ್ಲಿರುವ ದೊಡ್ಡ ಅಪಾಯ ಔಷಧದ್ದು. ಗಲಾಟೆ ತಣಿಸಲು ಹ್ಯಾಲೊಪೆರಿಡಾಲ್‌ನಂಥ ಪ್ರಬಲ ಔಷಧ ಕೊಟ್ಟ ಮೇಲೆ ಮೈ ಸೆಟೆದುಕೊಂಡು, ಜ್ವರ ಏರಿ, ಬೆವರು ಕಿತ್ತುಬಂದು, ರಕ್ತದಲ್ಲಿ ಸಿಕೆ ಎಂಬ ಸ್ನಾಯು ಕಿಣ್ವ ವಿಪರೀತ ಹೆಚ್ಚಿದರೆ ಅದು ಎಚ್ಚರಿಕೆಯ ಗಂಟೆ. ಈ ರೋಗಿಗಳು ಅಂಥ ಔಷಧಗಳನ್ನು ಬಹಳ ಸಲ ತಾಳಿಕೊಳ್ಳುವುದಿಲ್ಲ. "ಔಷಧದ ಡೋಸ್ ಸಾಲುತ್ತಿಲ್ಲ" ಎಂದು ಏರಿಸುತ್ತಾ ಹೋದರೆ ಸ್ಥಿತಿ ಹದಗೆಡುತ್ತದೆ. ಗಲಾಟೆಗೂ ಕ್ಯಾಟಟೋನಿಯಾಗೂ ಲೊರಾಜೆಪಾಮ್ ಮೊದಲ ಆಯ್ಕೆ. ಯಾವ ಔಷಧ ಎಷ್ಟು ಹೊತ್ತಿಗೆ ಕೊಟ್ಟರು, ಆಮೇಲೆ ಏನಾಯಿತು ಎಂಬುದನ್ನು ನಿಮ್ಮ ಪಟ್ಟಿಯಲ್ಲಿ ಸೇರಿಸಿ. ಆಸ್ಪತ್ರೆ ಬದಲಾದಾಗ ಕಳೆದುಹೋಗುವ ಮಾಹಿತಿ ಇದೇ.

3. ಪರೀಕ್ಷೆಗಳು: ಯಾವುದು ಏನು ಹೇಳುತ್ತದೆ

ಬೆನ್ನಿನ ನೀರು ತೆಗೆಯುವುದು (ಲಂಬರ್ ಪಂಕ್ಚರ್) ಎಂದರೆ ಮನೆಯವರು ಹೆದರುತ್ತಾರೆ, ಎಷ್ಟೋ ಮಂದಿ ಬೇಡವೆಂದು ಸಹಿ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೂಜಿ ಹೋಗುವುದು ಸೊಂಟದ ಕೆಳಭಾಗದಲ್ಲಿ, ಬೆನ್ನುಹುರಿ ಮುಗಿದ ಮೇಲಿನ ಜಾಗದಲ್ಲಿ. ಆಮೇಲೆ ಒಂದೆರಡು ದಿನ ತಲೆನೋವು ಬರಬಹುದು. ಈ ಕಾಯಿಲೆಯನ್ನು ಖಚಿತಪಡಿಸುವ ಅತ್ಯುತ್ತಮ ಪರೀಕ್ಷೆ ಇದೊಂದೇ.

ರಕ್ತದಲ್ಲಿ ಮಾತ್ರ ಪ್ರತಿಕಾಯ ಹುಡುಕಿದರೆ ಸುಮಾರು ಏಳರಲ್ಲಿ ಒಬ್ಬ ರೋಗಿ ತಪ್ಪಿಹೋಗುತ್ತಾರೆ. ಅದಕ್ಕೇ ಬೆನ್ನಿನ ನೀರು ಮತ್ತು ರಕ್ತ ಎರಡನ್ನೂ ಒಟ್ಟಿಗೆ ಕಳಿಸಬೇಕು. ತದ್ವಿರುದ್ಧವಾದ ತಪ್ಪೂ ಆಗುತ್ತದೆ: ರಕ್ತದಲ್ಲಿ ಮಾತ್ರ ಸಣ್ಣ ಪ್ರಮಾಣದಲ್ಲಿ ಪಾಸಿಟಿವ್ ಬಂದು, ಲಕ್ಷಣಗಳು ಹೊಂದದಿದ್ದರೆ ಅದು ಸುಳ್ಳು ಪಾಸಿಟಿವ್ ಇರಬಹುದು. ಲೆಕ್ಕಕ್ಕೆ ಬರುವುದು ರಿಸೆಪ್ಟರ್‌ನ ಜಿಎಲ್‌ಯುಎನ್1 ಭಾಗದ ವಿರುದ್ಧದ ಐಜಿಜಿ ಎಂಬ ಬಗೆಯ ಪ್ರತಿಕಾಯ. ಐಜಿಎಂ, ಐಜಿಎ ಎಂಬ ಬೇರೆ ಬಗೆಗಳು ಪಾಸಿಟಿವ್ ಎಂದರೆ ಈ ಕಾಯಿಲೆ ಎಂದಾಗುವುದಿಲ್ಲ.

ಐವಿಐಜಿ ಅಥವಾ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಶುರುವಾಗುವ ಮೊದಲೇ ಈ ಮಾದರಿಗಳನ್ನು ತೆಗೆದಿರಬೇಕು. ಐವಿಐಜಿ ಎಂದರೆ ಸಾವಿರಾರು ದಾನಿಗಳ ರಕ್ತದಿಂದ ಬಂದ ಪ್ರತಿಕಾಯ. ಅದು ಮೈಗೆ ಹೋದ ಮೇಲೆ ಮಾಡಿದ ರಕ್ತದ ಪ್ರತಿಕಾಯ ಪರೀಕ್ಷೆಗಳು, ಹೆಪಟೈಟಿಸ್ ಬಿ ಪರೀಕ್ಷೆಯೂ ಸೇರಿ, ದಾರಿ ತಪ್ಪಿಸಬಹುದು. ಸಾಧ್ಯವಿದ್ದರೆ ಸ್ವಲ್ಪ ಹೆಚ್ಚುವರಿ ಬೆನ್ನಿನ ನೀರನ್ನು ಫ್ರೀಜರ್‌ನಲ್ಲಿ ಇಡಲು ಕೇಳಿ. ಮುಂದೆ ಬೇರೆ ಪರೀಕ್ಷೆ ಬೇಕಾದಾಗ ಮತ್ತೆ ಚುಚ್ಚುವುದು ತಪ್ಪುತ್ತದೆ.

ಮಿದುಳಿನ ಎಂಆರ್‌ಐ ಅರ್ಧಕ್ಕೂ ಹೆಚ್ಚು ರೋಗಿಗಳಲ್ಲಿ ನಾರ್ಮಲ್ ಬರುತ್ತದೆ. "ಎಂಆರ್‌ಐ ಸರಿಯಿದೆ, ಆದ್ದರಿಂದ ಮಿದುಳಿನ ಕಾಯಿಲೆಯಲ್ಲ" ಎಂಬ ಮಾತನ್ನು ಒಪ್ಪಬೇಡಿ. ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಮಾತ್ರ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಏನಾದರೂ ಏರುಪೇರು ತೋರಿಸುತ್ತದೆ. ಎಕ್ಸ್‌ಟ್ರೀಮ್ ಡೆಲ್ಟಾ ಬ್ರಷ್ ಎಂಬ ವಿಶಿಷ್ಟ ಅಲೆ ಕೆಲವರಲ್ಲಷ್ಟೇ ಕಾಣುತ್ತದೆ, ಕಂಡರೆ ಅನುಮಾನ ಬಹಳ ಬಲವಾಗುತ್ತದೆ.

ಹರ್ಪಿಸ್ ವೈರಸ್ ಅಲ್ಲ ಎಂದು ಪಿಸಿಆರ್ ಪರೀಕ್ಷೆ ಹೇಳುವವರೆಗೆ ಅಸೈಕ್ಲೊವಿರ್ ಎಂಬ ವೈರಸ್ ನಿರೋಧಕ ಔಷಧ ಕೊಡುತ್ತಾರೆ. ಅದು ಸರಿಯಾದ ಕ್ರಮ.

4. ಗಡ್ಡೆಯ ಹುಡುಕಾಟ

ಹನ್ನೆರಡು ವರ್ಷ ದಾಟಿದ ಪ್ರತಿ ಹೆಣ್ಣು ರೋಗಿಗೂ ಇದು ಆಗಲೇಬೇಕು, ಅದೂ ಮೊದಲ ಕೆಲವು ದಿನಗಳಲ್ಲೇ. ಚಿಕ್ಕ ಹುಡುಗಿಯರಲ್ಲಿ ಗಡ್ಡೆ ಅಪರೂಪ, ಆದರೂ ಒಂದು ಸಲ ನೋಡುತ್ತಾರೆ. 45 ದಾಟಿದವರಲ್ಲಿ ಟೆರಟೋಮಾಕ್ಕಿಂತ ಬೇರೆ ಬಗೆಯ ಕ್ಯಾನ್ಸರ್‌ಗಳ ಹುಡುಕಾಟವೂ ಬೇಕಾಗುತ್ತದೆ.

ಕಿಬ್ಬೊಟ್ಟೆಯ ಎಂಆರ್‌ಐ ಒಳ್ಳೆಯ ಆಯ್ಕೆ. ಕೊಬ್ಬಿನ ಸಂಕೇತವನ್ನು ಅಡಗಿಸುವ ಫ್ಯಾಟ್ ಸಪ್ರೆಶನ್ ಚಿತ್ರಗಳೂ ಅದರಲ್ಲಿರಬೇಕು. ಟೆರಟೋಮಾದೊಳಗೆ ಕೊಬ್ಬು ಇರುವುದರಿಂದ, ಸಾಮಾನ್ಯ ಚಿತ್ರದಲ್ಲಿ ಬೆಳ್ಳಗಿದ್ದದ್ದು ಈ ಚಿತ್ರದಲ್ಲಿ ಕಪ್ಪಾದರೆ ಗುರುತು ಸಿಕ್ಕಂತೆ. ಯೋನಿಮಾರ್ಗದ ಅಲ್ಟ್ರಾಸೌಂಡ್ ಕೂಡ ಸೂಕ್ಷ್ಮವಾಗಿ ತೋರಿಸುತ್ತದೆ, ಆದರೆ ಕಿರಿಯ ಹುಡುಗಿಯರಲ್ಲಿ, ಗಲಾಟೆ ಮಾಡುವ ರೋಗಿಯಲ್ಲಿ ಅದು ಆಗದು. ಹೊಟ್ಟೆಯ ಮೇಲಿನಿಂದ ಮಾಡುವ ಅಲ್ಟ್ರಾಸೌಂಡ್ ಒಂದನ್ನೇ ನಂಬಿ "ಗಡ್ಡೆ ಇಲ್ಲ" ಎನ್ನಬಾರದು, ಸಣ್ಣ ಗಡ್ಡೆ ಕಣ್ತಪ್ಪುತ್ತದೆ. ಅಪರೂಪಕ್ಕೆ ಎದೆಗೂಡಿನೊಳಗೂ ಟೆರಟೋಮಾ ಇರುವುದರಿಂದ ಎದೆಯ ಸಿಟಿಯನ್ನೂ ಸೇರಿಸುತ್ತಾರೆ.

ಎರಡು ಪರೀಕ್ಷೆಗಳ ಮೇಲೆ ಹೆಚ್ಚು ಭರವಸೆ ಇಡಬೇಡಿ. ಪಕ್ವ ಟೆರಟೋಮಾ ಸಕ್ಕರೆಯನ್ನು ಹೆಚ್ಚು ಹೀರದ ಕಾರಣ ಪೆಟ್ ಸ್ಕ್ಯಾನ್‌ನಲ್ಲಿ ಹೊಳೆಯದೆ ಇರಬಹುದು. ಎಎಫ್‌ಪಿ, ಬೀಟಾ ಎಚ್‌ಸಿಜಿ, ಸಿಎ-125 ಎಂಬ ರಕ್ತದ ಗುರುತುಗಳು ನಾರ್ಮಲ್ ಇದ್ದರೂ ಗಡ್ಡೆ ಇರಬಹುದು.

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ತಪ್ಪು ಇನ್ನೊಂದಿದೆ. ಸ್ಕ್ಯಾನ್ ವರದಿಯ ಕೊನೆಯಲ್ಲಿ "ಸಣ್ಣ ಡರ್ಮಾಯ್ಡ್, ಆರು ತಿಂಗಳ ನಂತರ ಮತ್ತೆ ನೋಡಿ" ಎಂದು ಒಂದು ಸಾಲು ಇರುತ್ತದೆ. ಬೇರೆಯವರಿಗೆ ಆ ಸಲಹೆ ಸರಿಯೇ. ಮಿದುಳಿನ ಉರಿಯೂತ ಇರುವವರಿಗೆ ಗಡ್ಡೆ ಎರಡು ಸೆಂಟಿಮೀಟರ್ ಇದ್ದರೂ ಅದು ಕಾಯಿಲೆಯ ಮೂಲವಾಗಿರಬಹುದು. ಸ್ಕ್ಯಾನ್‌ಗೆ ಕಳಿಸುವಾಗ ಚೀಟಿಯಲ್ಲಿ "ಎನ್‌ಎಂಡಿಎ ಎನ್ಸೆಫಲೈಟಿಸ್ ಶಂಕೆ, ಟೆರಟೋಮಾ ಇದೆಯೇ ನೋಡಿ" ಎಂದು ಸ್ಪಷ್ಟವಾಗಿ ಬರೆಸಿ. ಏನು ಹುಡುಕಬೇಕು ಎಂದು ಗೊತ್ತಿರುವ ರೇಡಿಯಾಲಜಿಸ್ಟ್‌ಗೆ ಅದು ಕಾಣುವ ಸಾಧ್ಯತೆ ಹೆಚ್ಚು. ವರದಿಯನ್ನು ನರರೋಗ ತಜ್ಞರೂ ಸ್ತ್ರೀರೋಗ ತಜ್ಞರೂ ಒಟ್ಟಿಗೆ ನೋಡುವಂತೆ ಮಾಡಿ.

5. ವರದಿಗೆ ಕಾಯದೆ ಚಿಕಿತ್ಸೆ

ಪ್ರತಿಕಾಯದ ವರದಿ ಬರಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯಬಹುದು. 2016ರ ಅಂತರರಾಷ್ಟ್ರೀಯ ಮಾನದಂಡಗಳ ಪ್ರಕಾರ ಮೂರು ತಿಂಗಳೊಳಗೆ ವೇಗವಾಗಿ ಆರು ಗುಂಪಿನ ಲಕ್ಷಣಗಳಲ್ಲಿ ನಾಲ್ಕು ಕಾಣಿಸಿಕೊಂಡು, ಇಇಜಿ ಅಥವಾ ಬೆನ್ನಿನ ನೀರಿನಲ್ಲಿ ಏರುಪೇರಿದ್ದು, ಬೇರೆ ಕಾರಣಗಳಿಲ್ಲ ಎಂದಾದರೆ "ಬಹುಮಟ್ಟಿಗೆ ಇದೇ ಕಾಯಿಲೆ" ಎಂದು ತೀರ್ಮಾನಿಸಬಹುದು. ಆ ಆರು ಗುಂಪುಗಳು: ನಡವಳಿಕೆ ಅಥವಾ ನೆನಪು, ಮಾತು, ಫಿಟ್ಸ್, ಚಲನೆ, ಪ್ರಜ್ಞೆ, ನಾಡಿ–ಬಿಪಿ–ಉಸಿರಾಟ. ಟೆರಟೋಮಾ ಸಿಕ್ಕಿದ್ದರೆ ಮೂರು ಗುಂಪು ಸಾಕು. ಇಷ್ಟಿದ್ದರೆ ಚಿಕಿತ್ಸೆ ಶುರು ಮಾಡಲು ವರದಿಗೆ ಕಾಯುವುದಿಲ್ಲ.

ಮೊದಲ ಸಾಲಿನ ಚಿಕಿತ್ಸೆಯಲ್ಲಿ ಮೂರಿವೆ. ರೋಗಿಯ ಸ್ಥಿತಿ ನೋಡಿ ವೈದ್ಯರು ಸೇರಿಸಿ ಕೊಡುತ್ತಾರೆ.

ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್: ವಯಸ್ಕರಿಗೆ ದಿನಕ್ಕೆ 1 ಗ್ರಾಂ ಡ್ರಿಪ್ ಮೂಲಕ, 3ರಿಂದ 5 ದಿನ. ಸಕ್ಕರೆ ಮತ್ತು ಬಿಪಿ ಏರುತ್ತವೆ, ನಿದ್ದೆ ಇನ್ನಷ್ಟು ಕೆಡಬಹುದು. ನಂತರ ಮಾತ್ರೆ ರೂಪದಲ್ಲಿ ಕೊಟ್ಟರೆ ನೀವಾಗಿಯೇ ಹಠಾತ್ತನೆ ನಿಲ್ಲಿಸಬೇಡಿ.

ಐವಿಐಜಿ: ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.4 ಗ್ರಾಂ, 5 ದಿನ. 50 ಕಿಲೋ ತೂಕದವರಿಗೆ ದಿನಕ್ಕೆ 20 ಗ್ರಾಂ, ಒಟ್ಟು 100 ಗ್ರಾಂ. ವೇಗವಾಗಿ ಹರಿಸಿದರೆ ತಲೆನೋವು, ನಡುಕ ಬರುತ್ತದೆ. ಮೂತ್ರಪಿಂಡದ ಮೇಲೂ ಒತ್ತಡ, ರಕ್ತ ಹೆಪ್ಪುಗಟ್ಟುವ ಅಪಾಯವೂ ಉಂಟು. ಹಾಗಾಗಿ ನಿಧಾನವಾಗಿ ಕೊಟ್ಟು, ದೇಹದಲ್ಲಿ ನೀರಿನಂಶ ಸರಿಯಿರುವಂತೆ ನೋಡಿಕೊಳ್ಳುತ್ತಾರೆ.

ಪ್ಲಾಸ್ಮಾ ಎಕ್ಸ್‌ಚೇಂಜ್: ರಕ್ತದ ದ್ರವಭಾಗವನ್ನು ಯಂತ್ರದಿಂದ ತೆಗೆದು ಬದಲಿಸುವುದು. ಸಾಮಾನ್ಯವಾಗಿ ದಿನ ಬಿಟ್ಟು ದಿನ 5ರಿಂದ 7 ಸಲ. ಕತ್ತು ಅಥವಾ ತೊಡೆಯ ರಕ್ತನಾಳದಲ್ಲಿ ದಪ್ಪ ಕೊಳವೆ ಬೇಕು, ಬಿಪಿ ಏರಿಳಿಯುವ, ಕೊಳವೆ ಕಿತ್ತೆಸೆಯುವ ರೋಗಿಯಲ್ಲಿ ಕಷ್ಟ. ಐವಿಐಜಿ ಕೊಟ್ಟ ಬೆನ್ನಿಗೇ ಪ್ಲಾಸ್ಮಾ ಬದಲಿಸಿದರೆ ಕೊಟ್ಟ ಔಷಧವೂ ಹೊರಟುಹೋಗುತ್ತದೆ, ಆದ್ದರಿಂದ ಯಾವುದು ಮೊದಲು ಎಂದು ಕೇಳಿ ತಿಳಿದುಕೊಳ್ಳಿ.

ಸುಮಾರು ಎರಡು ವಾರದಲ್ಲಿ ಸುಧಾರಣೆಯ ಸುಳಿವೇ ಇಲ್ಲದಿದ್ದರೆ ರೋಗನಿರೋಧಕ ವ್ಯವಸ್ಥೆಯನ್ನು ಇನ್ನಷ್ಟು ತಗ್ಗಿಸುವ ಎರಡನೇ ಸಾಲಿನ ಔಷಧಗಳಿಗೆ ಹೋಗುತ್ತಾರೆ: ರಿಟುಕ್ಸಿಮ್ಯಾಬ್, ಅದರೊಂದಿಗೆ ಅಥವಾ ಪ್ರತ್ಯೇಕವಾಗಿ ಸೈಕ್ಲೊಫಾಸ್ಫಮೈಡ್. ಕಾಯಿಲೆ ತೀವ್ರವಾಗಿದ್ದರೆ ಇನ್ನೂ ಬೇಗ ಶುರು ಮಾಡುವುದುಂಟು. ರಿಟುಕ್ಸಿಮ್ಯಾಬ್ ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಅಡಗಿರುವ ವೈರಸ್ ಕೆರಳಬಹುದು. ಅದರ ಪರಿಣಾಮ ಕಾಣಲು ವಾರಗಳು ಬೇಕು, ಮೂರನೇ ದಿನವೇ "ಕೆಲಸ ಮಾಡಲಿಲ್ಲ" ಎಂದು ಕೈಚೆಲ್ಲಬೇಡಿ. ಸೈಕ್ಲೊಫಾಸ್ಫಮೈಡ್ ಅಂಡಾಶಯಕ್ಕೆ ಹಾನಿ ಮಾಡಬಲ್ಲದು. ಒಂದು ಅಂಡಾಶಯಕ್ಕೆ ಆಗಲೇ ಶಸ್ತ್ರಚಿಕಿತ್ಸೆಯಾಗಿರುವ ಯುವತಿಯ ಮಟ್ಟಿಗೆ ಇದು ಸಣ್ಣ ಮಾತಲ್ಲ. ಮೊದಲ ಡೋಸ್‌ಗೆ ಮುನ್ನವೇ ಅಂಡಾಶಯ ರಕ್ಷಣೆಯ ಬಗ್ಗೆ ಕೇಳಿ.

6. ಶಸ್ತ್ರಚಿಕಿತ್ಸೆ

ಟೆರಟೋಮಾ ಸಿಕ್ಕರೆ ಅದನ್ನು ತೆಗೆಯುವುದೇ ಚಿಕಿತ್ಸೆಯ ಮುಖ್ಯ ಭಾಗ. "ಆಕೆ ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಆಪರೇಷನ್" ಎಂದು ಮನೆಯವರು ಹೇಳುವುದನ್ನು ಬಹಳ ಸಲ ಕೇಳುತ್ತೇವೆ. ಆದರೆ ಪ್ರತಿಕಾಯಕ್ಕೆ ಪ್ರಚೋದನೆ ಕೊಡುತ್ತಿರುವ ಗಡ್ಡೆ ಒಳಗೇ ಇದ್ದರೆ ಚೇತರಿಕೆಯೇ ತಡವಾಗುತ್ತದೆ. ಅರಿವಳಿಕೆ ತಡೆದುಕೊಳ್ಳುವಷ್ಟು ನಾಡಿ, ಬಿಪಿ ಸ್ಥಿರವಾದ ಕೂಡಲೇ ಮಾಡಿಸುವುದು ಒಳ್ಳೆಯದು. ಐಸಿಯುನಿಂದ ನೇರವಾಗಿ ಥಿಯೇಟರ್‌ಗೆ ಕರೆದೊಯ್ಯುವುದೂ ಉಂಟು.

ಕೇಳಬೇಕಾದ ಪ್ರಶ್ನೆಗಳು: ಗಡ್ಡೆ ಮಾತ್ರ ತೆಗೆದು ಅಂಡಾಶಯ ಉಳಿಸಬಹುದೇ? ಇನ್ನೊಂದು ಅಂಡಾಶಯವನ್ನೂ ಪರೀಕ್ಷಿಸುತ್ತೀರಾ? (ಸುಮಾರು ಹತ್ತರಲ್ಲಿ ಒಬ್ಬರಿಗೆ ಎರಡೂ ಕಡೆ ಟೆರಟೋಮಾ ಇರುತ್ತದೆ.) ಲ್ಯಾಪರೋಸ್ಕೋಪಿಯಲ್ಲಾದರೆ ಗಡ್ಡೆಯನ್ನು ಚೀಲದೊಳಗೆ ಹಾಕಿ ಹೊರತೆಗೆಯುತ್ತೀರಾ? ಒಳಗಿನ ಕೊಬ್ಬಿನ ದ್ರವ ಹೊಟ್ಟೆಯಲ್ಲಿ ಚೆಲ್ಲಿದರೆ ಅಲ್ಲಿಯೂ ಉರಿಯೂತವಾಗುತ್ತದೆ.

ಅರಿವಳಿಕೆ ತಜ್ಞರಿಗೆ ಕಾಯಿಲೆಯ ಹೆಸರು ಗೊತ್ತಿರಲೇಬೇಕು. ಕೆಟಮಿನ್ ಮತ್ತು ನೈಟ್ರಸ್ ಆಕ್ಸೈಡ್ ಇದೇ ಎನ್‌ಎಂಡಿಎ ರಿಸೆಪ್ಟರ್ ಅನ್ನು ತಡೆಯುವ ಔಷಧಗಳು, ಈ ರೋಗಿಗಳಲ್ಲಿ ಸಾಮಾನ್ಯವಾಗಿ ಅವನ್ನು ಬಳಸುವುದಿಲ್ಲ.

ತೆಗೆದ ಗಡ್ಡೆ ಪೆಥಾಲಜಿಗೆ ಹೋಗಲಿ. ಅದು ಪಕ್ವವೋ ಅಪಕ್ವವೋ, ಒಳಗೆ ನರ ಅಂಗಾಂಶ ಇದೆಯೇ ಎಂಬುದು ವರದಿಯಲ್ಲಿ ಬರಬೇಕು. ಅಪಕ್ವವಾಗಿದ್ದರೆ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಬೇಕು. ಯಾವ ಸ್ಕ್ಯಾನ್‌ನಲ್ಲೂ ಗಡ್ಡೆ ಕಾಣದಿದ್ದಾಗ "ಇರಲಿ, ಅಂಡಾಶಯ ತೆಗೆದುಬಿಡೋಣ" ಎನ್ನುವುದು ವಾಡಿಕೆಯ ಚಿಕಿತ್ಸೆಯಲ್ಲ. ಅಂಥ ಸಲಹೆ ಬಂದರೆ ಇನ್ನೊಬ್ಬ ತಜ್ಞರನ್ನೂ ಕೇಳಿ. ಗಡ್ಡೆ ತೆಗೆದ ಮಾತ್ರಕ್ಕೆ ಮೇಲಿನ ಔಷಧಗಳು ನಿಲ್ಲುವುದಿಲ್ಲ, ಎರಡೂ ಒಟ್ಟಿಗೆ ನಡೆಯಬೇಕು.

7. ಐಸಿಯು ದಿನಗಳು

ನಾಡಿ 140ಕ್ಕೆ ಏರಿ ಸ್ವಲ್ಪ ಹೊತ್ತಿಗೆ 40ಕ್ಕೆ ಇಳಿಯಬಹುದು. ಸೋಂಕಿಲ್ಲದೆಯೂ ಜ್ವರ ಬರಬಹುದು, ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಮಿದುಳು ಉಸಿರಾಟದ ಆಜ್ಞೆ ಕೊಡುವುದನ್ನೇ ಮರೆತಾಗ ವೆಂಟಿಲೇಟರ್ ಬೇಕಾಗುತ್ತದೆ. ಗಂಟಲಿನ ಕಫ ಎಳೆಯುವಾಗ ಹೃದಯ ಬಡಿತ ತೀರಾ ನಿಧಾನವಾಗುವುದುಂಟು, ಕೆಲವರಿಗೆ ತಾತ್ಕಾಲಿಕ ಪೇಸ್‌ಮೇಕರ್ ಹಾಕುತ್ತಾರೆ.

ಬಾಯಿ, ಕೈಗಳ ಚಲನೆಯೆಲ್ಲ ಫಿಟ್ಸ್ ಅಲ್ಲ. ಪ್ರತಿ ಚಲನೆಗೂ ಫಿಟ್ಸ್ ಔಷಧ ಏರಿಸುತ್ತಾ ಹೋದರೆ ರೋಗಿ ಸುಮ್ಮನೆ ಮಂಪರಿನಲ್ಲಿ ಮುಳುಗುತ್ತಾಳೆ. ವಿಡಿಯೋ ಸಹಿತ ಇಇಜಿ ಮಾಡಿದರೆ ಯಾವುದು ಫಿಟ್ಸ್, ಯಾವುದು ಅಲ್ಲ ಎಂದು ತಿಳಿಯುತ್ತದೆ.

ನಿಮ್ಮ ಕೆಲಸ ಇಷ್ಟು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಾರೆಯೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕ್ರಮ ಕೈಗೊಂಡಿದ್ದಾರೆಯೇ, ಫಿಸಿಯೋಥೆರಪಿ ಶುರುವಾಗಿದೆಯೇ ಎಂದು ಕೇಳುತ್ತಿರಿ. ನಾಲಿಗೆ, ತುಟಿ ಕಚ್ಚಿಕೊಂಡ ಗಾಯ ಕಂಡರೆ ತೋರಿಸಿ. ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿ, ಬೆಳಕು ಸದ್ದು ಕಡಿಮೆ ಮಾಡಿಸಿ.

ಕಾಯಲು ಸಿದ್ಧರಾಗಿರಿ. ಮೊದಲ ವರ್ಷಗಳಲ್ಲಿ ವರದಿಯಾದ ರೋಗಿಗಳು ಮೂರು ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದದ್ದು ಸಾಮಾನ್ಯವಾಗಿತ್ತು. 577 ಜನರ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಸುಮಾರು 80% ಮಂದಿ ತಮ್ಮ ಕೆಲಸ ತಾವು ನೋಡಿಕೊಳ್ಳುವಷ್ಟು ಚೇತರಿಸಿಕೊಂಡಿದ್ದರು. ಆರನೇ ವಾರ ಕಣ್ಣು ಬಿಡಲಿಲ್ಲ ಎಂದು ಚಿಕಿತ್ಸೆ ನಿಲ್ಲಿಸುವ ಮಾತು ಬಂದರೆ ಈ ಸಂಖ್ಯೆಯನ್ನು ನೆನಪಿಸಿಕೊಳ್ಳಿ.

8. ಮನೆಗೆ ಬಂದ ಮೇಲೆ

ಲಕ್ಷಣಗಳು ಬಂದದ್ದಕ್ಕೆ ಹೆಚ್ಚುಕಡಿಮೆ ತಿರುಗಾಮುರುಗಾ ಕ್ರಮದಲ್ಲಿ ಹೋಗುತ್ತವೆ. ಮೊದಲು ಉಸಿರಾಟ, ನಾಡಿ ಸ್ಥಿರವಾಗುತ್ತವೆ, ಆಮೇಲೆ ಕಣ್ಣು ಬಿಟ್ಟು ಹೇಳಿದ್ದನ್ನು ಮಾಡುತ್ತಾರೆ, ನಂತರ ಮಾತು. ಮಾತು ಮರಳುವ ಹೊತ್ತಿಗೆ ಮತ್ತೆ ಸಿಟ್ಟು, ಭಯ, ಗಲಾಟೆ ಕಾಣಿಸಬಹುದು. ಬಹಳ ಮನೆಯವರು ಇದನ್ನು "ಕಾಯಿಲೆ ವಾಪಸ್ ಬಂತು" ಎಂದು ತಿಳಿದು ಕಂಗಾಲಾಗುತ್ತಾರೆ. ಚೇತರಿಕೆಯ ದಾರಿಯೂ ಇರಬಹುದು, ಮರುಕಳಿಕೆಯೂ ಇರಬಹುದು, ವೈದ್ಯರಿಗೆ ತೋರಿಸಿಯೇ ತೀರ್ಮಾನಿಸಿ.

ಏಕಾಗ್ರತೆ, ಯೋಜನೆ ಮಾಡುವ ಶಕ್ತಿ, ನೆನಪು ಎಲ್ಲಕ್ಕಿಂತ ಕೊನೆಗೆ ಬರುತ್ತವೆ. ಒಂದೂವರೆ ಎರಡು ವರ್ಷದವರೆಗೂ ಸುಧಾರಿಸುತ್ತಲೇ ಇರುತ್ತವೆ. ಆಸ್ಪತ್ರೆಯ ತಿಂಗಳುಗಳು ಆಕೆಗೆ ನೆನಪೇ ಇರುವುದಿಲ್ಲ, "ನಿನಗೆ ನೆನಪಿಲ್ಲವೇ?" ಎಂದು ಪರೀಕ್ಷೆ ಮಾಡಬೇಡಿ. ಓದು ಅಥವಾ ಕೆಲಸವನ್ನು ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ ನಿಧಾನವಾಗಿ ಹೆಚ್ಚಿಸಿ. ನೆನಪಿನ ತೊಂದರೆಗೆ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಿದರೆ ಎಲ್ಲಿ ಆಸರೆ ಬೇಕು ಎಂದು ಗೊತ್ತಾಗುತ್ತದೆ. ಫಿಟ್ಸ್ ಔಷಧ ಬಹುತೇಕರಿಗೆ ಜೀವನಪೂರ್ತಿ ಬೇಕಾಗುವುದಿಲ್ಲ, ಆದರೆ ನಿಲ್ಲಿಸುವ ದಿನ ವೈದ್ಯರೇ ಹೇಳಬೇಕು. ರಿಟುಕ್ಸಿಮ್ಯಾಬ್ ಪಡೆದವರು ಯಾವುದೇ ಲಸಿಕೆಗೆ ಮುನ್ನ ಕೇಳಬೇಕು, ಜೀವಂತ ವೈರಸ್ ಇರುವ ಲಸಿಕೆಗಳು ಸಲ್ಲವು.

ಚೆನ್ನಾಗಿ ಗುಣವಾದ ಮೇಲೂ ಪ್ರತಿಕಾಯ ಬಹುಕಾಲ ಪಾಸಿಟಿವ್ ಇರಬಹುದು. ಸಂಖ್ಯೆ ನೋಡಿ ಚಿಕಿತ್ಸೆ ಮಾಡುವುದಿಲ್ಲ, ರೋಗಿಯನ್ನು ನೋಡಿ ಮಾಡುತ್ತಾರೆ. ತಿಂಗಳಿಗೊಮ್ಮೆ ಆ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ.

9. ಮರುಕಳಿಕೆಯ ಮೇಲೆ ಕಣ್ಣು

ಎರಡು ವರ್ಷದೊಳಗೆ ಸುಮಾರು 12% ಜನರಿಗೆ ಕಾಯಿಲೆ ಮರುಕಳಿಸುತ್ತದೆ ಎಂದು ಅದೇ ಅಧ್ಯಯನ ಹೇಳುತ್ತದೆ. ಮರುಕಳಿಕೆ ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಸೌಮ್ಯ, ಕೆಲವೊಮ್ಮೆ ಒಂದೇ ಲಕ್ಷಣ. ಮೂರು ರಾತ್ರಿ ನಿದ್ದೆಯಿಲ್ಲದಿರುವುದು, ಕಾರಣವಿಲ್ಲದ ಭಯ, ಮಾತಿನ ತಡವರಿಕೆ ಇಷ್ಟೇ ಇದ್ದರೂ ಆಸ್ಪತ್ರೆಗೆ ಕರೆ ಮಾಡಿ. ಮರುಕಳಿಸಿದಾಗ ಅಂಡಾಶಯವನ್ನು ಹೊಸದಾಗಿ ಸ್ಕ್ಯಾನ್ ಮಾಡಿಸಲೇಬೇಕು. ಮೊದಲು ಕಾಣದ ಗಡ್ಡೆ ಈಗ ಕಾಣಬಹುದು, ಉಳಿದ ಅಂಡಾಶಯದಲ್ಲಿ ಹೊಸದು ಬೆಳೆದಿರಬಹುದು.

ಮೊದಲ ಬಾರಿ ಗಡ್ಡೆ ಸಿಗದಿದ್ದ ಹೆಣ್ಣುಮಕ್ಕಳಿಗೂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ, ಎರಡರಿಂದ ನಾಲ್ಕು ವರ್ಷದವರೆಗೆ ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ. ಬಿಡುಗಡೆ ಪತ್ರದಲ್ಲಿ ಮುಂದಿನ ಸ್ಕ್ಯಾನ್‌ನ ತಿಂಗಳು ಬರೆದಿದೆಯೇ ನೋಡಿ, ಇಲ್ಲದಿದ್ದರೆ ಬರೆಸಿಕೊಂಡೇ ಹೊರಡಿ. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ನರರೋಗ ತಜ್ಞರಿಗೂ ಸ್ತ್ರೀರೋಗ ತಜ್ಞರಿಗೂ ತಿಳಿಸಿ, ಈ ಪ್ರತಿಕಾಯಗಳು ಮಾಸು ದಾಟಿ ಮಗುವಿಗೆ ಹೋಗಬಲ್ಲವು.

ಒಂದು ಫೈಲ್‌ನಲ್ಲಿ ಇವಿಷ್ಟೂ ಇರಲಿ: ಬೆನ್ನಿನ ನೀರಿನ ವರದಿ, ಪ್ರತಿಕಾಯದ ವರದಿ, ಅಂಡಾಶಯದ ಸ್ಕ್ಯಾನ್ ಸಿಡಿ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಪೆಥಾಲಜಿ ವರದಿ, ಕೊಟ್ಟ ಔಷಧಗಳ ದಿನಾಂಕ ಮತ್ತು ಪ್ರಮಾಣ, ಹೊಂದಿಕೆಯಾಗದ ಔಷಧಗಳ ಪಟ್ಟಿ. ಅದರ ಮೊದಲ ಪುಟದಲ್ಲಿ ಕಾಯಿಲೆಯ ಪೂರ್ತಿ ಹೆಸರು ದೊಡ್ಡದಾಗಿ ಬರೆದಿರಲಿ. ರಾತ್ರಿ ಪಾಳಿಯ ವೈದ್ಯರು ಮೊದಲು ಓದುವುದು ಅದನ್ನೇ.